ಗೀಸರಿನ ಟೈಮರ್ ಬದಲಿಸಿದ್ದು

ಇದರಲ್ಲಿ ಕೆಲವು ವಿವರ ತಪ್ಪಿರಬಹುದು, ಮೊದಲೇ ಹೇಳಿಬಿಡುತ್ತೇನೆ. ಅದು ಶುಕ್ರವಾರವೇ ಹೌದೇ, ಅಪ್ಪ ಉಟ್ಟಿದ್ದು ಪಂಚೆಯೇ ಪೈಜಾಮವೇ, ಖಾತ್ರಿಯಿಲ್ಲ. ಮೊನ್ನೆ ಗೀಸರಿನ ಟೈಮರ್ ಬದಲಿಸಿದಾಗ ಬೆರಳಿಗಂಟಿದ ಹಳೆಯ ಪ್ಲಾಸ್ಟಿಕ್ಕಿನ ವಾಸನೆ ಸೋಪಿಗೂ ಹೋಗುತ್ತಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ದೋಹಾದ ಬೇಸಿಗೆಯಲ್ಲಿ ನಲ್ಲಿಗಳು ಅದಲುಬದಲಾಗುತ್ತವೆ, ನಿಮಗೆ ಗೊತ್ತಿರಲಿಕ್ಕಿಲ್ಲ. ತಾರಸಿಯ ಟ್ಯಾಂಕು ಕಾದು, ತಣ್ಣೀರಿನ ನಲ್ಲಿಯಲ್ಲಿ ಸುಡುನೀರು. ಗೀಸರ್ ಆರಿಸಿಟ್ಟರೆ ಮನೆಯ ಎ.ಸಿ.ಗೆ ಅದರೊಳಗಿನ ನೀರು ಆರಿ, ಕೆಂಪು ಗುರುತಿನ ನಲ್ಲಿಯಲ್ಲಿ ತಣ್ಣಗೆ ಬರುತ್ತದೆ. ಅಲ್ ಸದ್ದ್‌ನ ನಮ್ಮ ಮನೆಗೆ ಮೈಸೂರಿನಿಂದ ಬಂದಿದ್ದ ಅಪ್ಪನಿಗೆ ಇದನ್ನು ಹೇಳಿಕೊಟ್ಟಾಗ, “ನಿಮ್ಮೂರ ನಲ್ಲಿಗೂ ತಲೆ ಕೆಟ್ಟಿದೆ ಕಣಮ್ಮ” ಎಂದು ನಕ್ಕಿದ್ದರು.

ಅಣ್ಣಯ್ಯ ಆಗ ದೋಹಾದಲ್ಲೇ, ಅಲ್ ಹಿಲಾಲ್‌ನಲ್ಲಿದ್ದ. ಆಫೀಸಿನಲ್ಲಿ ಆಡಿಟ್, ರಜೆ ಬಂದರೆ ಕೈಯಲ್ಲಿ ಸ್ಕ್ರೂಡ್ರೈವರ್. ಚಳಿಗಾಲಕ್ಕೆ ಮುಂಚೆಯೇ ಆಗಲಿ ಎಂದು ನಮ್ಮ ಗೀಸರಿನ ಕೆಟ್ಟ ಟೈಮರ್ ಬದಲಿಸಲು ಬಂದ.

“ಸಾಹೇಬ ಆದ್ರೂ ಫ್ಯೂಸ್ ಕಟ್ಟೋದು ಬಿಡ್ಲಿಲ್ಲ ನೋಡು ಇವ್ನು,” ಅಂದರು ಅಪ್ಪ.

ನಾನು ಅಡುಗೆಮನೆಯಲ್ಲಿದ್ದೆ. “ಖಲಾಸ್!” ಎನ್ನುತ್ತ ಬಂದ ಅಣ್ಣಯ್ಯ. “ಟೈಮರಿನ ಗಡಿಯಾರ ಓಡ್ಬೇಕಲ್ಲ, ಗೋಡೆ ಸ್ವಿಚ್ ಆರಿಸ್ಬೇಡ. ಆನ್, ಆಫ್ ಎಲ್ಲ ಟೈಮರಿನ ಗುಂಡೀಲೇ.” ಕಾಫಿ ಕುಡಿದು ಹೋದ.

ಸಂಜೆ ಅಪ್ಪ ವಾಕಿಂಗ್ ಮುಗಿಸಿ ಬಂದು, ದೇವರ ದೀಪ ಹಚ್ಚುವ ಮುನ್ನ ಎಂದಿನಂತೆ ಕಾಲು ತೊಳೆಯಲು ಹೋದರು. ಸಕ್ಕರೆ ಕಾಯಿಲೆಯಿಂದ ಅವರ ಪಾದಗಳು ಎಂದೋ ಜೋಮು ಹಿಡಿದಿದ್ದವು. ಕೆಂಪು ನಲ್ಲಿಯ ಕೆಳಗೆ ಕಾಲಿಟ್ಟು ನಿಂತಿದ್ದಾರೆ. ಹೊರಬಂದಾಗ ಬಲಪಾದದ ಚರ್ಮ ಸುಲಿದು ಜೋತಿತ್ತು.

“ಅಪ್ಪಾ, ಕಾಲಿಗೇನಾಯ್ತು?”

“ಏನಾಯ್ತು? ತೊಳ್ಕೊಂಡೆ.”

ಗಾಯ ಮಾಯಲಿಲ್ಲ. ಮೊದಲು ಬೆರಳುಗಳು ಹೋದವು, ಆಮೇಲೆ ಮೊಣಕಾಲಿನ ಕೆಳಗೆ ಇಡೀ ಕಾಲು. ಗೀಸರ್ ಆನ್ ಆದದ್ದು ಹೇಗೆ ಎಂದು ಆಸ್ಪತ್ರೆಯಲ್ಲಿ ಕೇಳಿದಾಗ ಅಣ್ಣಯ್ಯ, “ಅಪ್ಪಂಗೆ ಕಂಡಿದ್ದೆಲ್ಲ ತಿರುಗ್ಸೋ ಚಟ ಅಲ್ವಾ?” ಎಂದ. ಅಪ್ಪ ಅವನನ್ನೇ ನೋಡಿ, “ನಾನೇ ತಿರುಗ್ಸಿರ್ಬೇಕು ಬಿಡು” ಎಂದರು. ಎಲ್ಲರೂ ನಂಬಿದೆವು. ಮೈಸೂರಿಗೆ ಮರಳಿದ ಅಪ್ಪ, ನೋಡಲು ಬಂದವರಿಗೆಲ್ಲ ತನ್ನದೇ ತಪ್ಪೆಂದು ಹೇಳುತ್ತಲೇ ತೀರಿಕೊಂಡರು.

ಅಪ್ಪನ ಕಾಲು ಸುಟ್ಟ ದಿನ ಆರಿಸಿದ ಗೋಡೆಯ ಸ್ವಿಚ್ಚನ್ನು ನಾವು ಮತ್ತೆ ಹಾಕಲಿಲ್ಲ. ಚಳಿಗಾಲದಲ್ಲಿ ಒಲೆಯ ಮೇಲೆ ನೀರು ಕಾಯಿಸಿಕೊಂಡೆವು. ಮೊನ್ನೆ ಧೈರ್ಯ ಮಾಡಿ ಹೊಸ ಟೈಮರ್ ತಂದು, ಮೇನ್ ಆಫ್ ಮಾಡಿ, ಹಳೆಯದನ್ನು ಹುಡುಕಿದೆ. ನನ್ನ ನೆನಪಿನಲ್ಲಿ ಅದು ಬಚ್ಚಲಿನ ಬಾಗಿಲ ಪಕ್ಕದ ಗೋಡೆಯ ಮೇಲಿತ್ತು. ಅಲ್ಲಿದ್ದದ್ದು ಸ್ವಿಚ್ ಮಾತ್ರ. ಇತಿಹಾಸದಲ್ಲಿ ಎಂ.ಎ. ಮಾಡಿದವಳು ನಾನು, ಒಮ್ಮೆಯೂ ತಲೆಯೆತ್ತಿ ನೋಡದೆ ಇಷ್ಟು ವರ್ಷ ಕೇಳಿದ್ದನ್ನೇ ನಂಬಿದ್ದೆ. ಟೈಮರ್ ಇದ್ದದ್ದು ಫಾಲ್ಸ್ ಸೀಲಿಂಗಿನ ಮೇಲೆ, ಗೀಸರಿನ ಪಕ್ಕ. ಏಣಿಯ ತುದಿಯಲ್ಲಿ ನಿಂತು ಕೈ ಚಾಚಿದರಷ್ಟೇ ಎಟುಕುತ್ತದೆ. ಗುಂಡಿ ಇನ್ನೂ ಆನ್‌ನಲ್ಲೇ ಇತ್ತು.

ಫೇಸು, ನ್ಯೂಟ್ರಲ್, ಗೀಸರಿಗೆ ಹೋಗುವ ವೈರು, ಒಂದೊಂದನ್ನೇ ಬಿಚ್ಚಿ ಹೊಸದಕ್ಕೆ ಬಿಗಿದೆ. ಕೆಲಸ ಮಾಡುತ್ತದೆಯೇ ಎಂದು ನೋಡಲು, ಮೇನ್, ಸ್ವಿಚ್ ಎರಡನ್ನೂ ಹಾಕಿ ನಾನೂ ಗುಂಡಿಯನ್ನು ಆನ್‌ಗೆ ತಿರುಗಿಸಬೇಕಾಯಿತು. ಆಫ್ ಮಾಡಿ, ಏಣಿಯ ಒಂದೊಂದೇ ಮೆಟ್ಟಿಲನ್ನು ಕಾಲಿನಿಂದ ತಡವಿ ಇಳಿದೆ. ಪಾದ ನೆಲ ಮುಟ್ಟಿದ್ದೂ ತಿಳಿಯದ ಅಪ್ಪ, ಕಾಲು ಸುಡುವ ಮೊದಲೇ ಎರಡು ಮೆಟ್ಟಿಲು ಇಳಿಯಲೂ ನನ್ನ ಹೆಗಲು ಹಿಡಿಯುತ್ತಿದ್ದರು.

ಅಣ್ಣಯ್ಯ ಈಗ ಮೈಸೂರಿನಲ್ಲಿದ್ದಾನೆ. ಫೋನ್ ಮಾಡಿ, ಟೈಮರ್ ನಾನೇ ಬದಲಿಸಿದೆ ಎಂದೆ. “ಭಲೇ, ಶಾಕ್ ಹೊಡೀಲಿಲ್ವಾ?” ಎಂದು ನಕ್ಕ. ಆಮೇಲೆ ನಾನು ಕೇಳಿದ್ದು ಇಷ್ಟೇ.

“ಅಣ್ಣಯ್ಯ, ಅಪ್ಪ ಏಣಿ ಹತ್ತಿದ್ದನ್ನ ನೀನು ನೋಡಿದ್ಯಾ?”