ಅಕ್ಕ ಬರೆದ ಕೊನೆಯ ನಡಾವಳಿ

ನನ್ನ ಅಕ್ಕ ವಿಶಾಲಾಕ್ಷಿ ನೆಲದ ಮೇಲಿಂದ ಯಾವುದನ್ನೂ ಸುಮ್ಮನೆ ಎತ್ತಿದವಳಲ್ಲ. ಒಂದು ಅಂಗಿಯ ಗುಂಡಿ ಬಿದ್ದಿದ್ದರೂ ಮೊದಲು ಅದರ ಪಕ್ಕದಲ್ಲಿ ತನ್ನ ಒಂದು ಚಪ್ಪಲಿ ಬಿಡುವಳು. ನಾಲ್ಕು ಹೆಜ್ಜೆ ಹಿಂದೆ ಹೋಗಿ ಸುತ್ತ ನೋಡುವಳು. ಆಮೇಲೆ ಬಗ್ಗುವಳು. ಒಮ್ಮೆ ಕೊಪ್ಪದ ಬಸ್ ಸ್ಟ್ಯಾಂಡಿನಲ್ಲಿ ಯಾರೋ ಹೆಂಗಸಿನ ಓಲೆಯ ತಿರುಪು ಬಿದ್ದು ಎಲ್ಲರೂ ಹುಡುಕುತ್ತಿದ್ದಾಗ ಅದು ಕಂಡದ್ದು ಅಕ್ಕನ ಕಣ್ಣಿಗೆ. ಚಪ್ಪಲಿ ಬಿಟ್ಟು, ಬರಿಗಾಲನ್ನು ಎತ್ತಿಟ್ಟು ಹಿಂದೆ ಸರಿದು, "ಯಾರೂ ಮುಟ್ಬೇಡಿ, ಎಲ್ಲಿ ಬಿದ್ದಿದೆ ಅಂತ ಮೊದಲು ನೋಡ್ಕೊಳ್ಳಿ" ಎಂದಳು.

"ಎಲ್ಲಿ ಬಿದ್ರೆ ಎಂತ ಮಾರಾಯ್ತಿ! ನನ್ನ ತಿರುಪು ಕೊಡು, ಬಸ್ಸು ಹೊರಟ್ತು" ಎಂದು ಆ ಹೆಂಗಸು ಬೈದಳು. ಅಕ್ಕನೂ ನಕ್ಕಳು. ಆದರೆ ಚಪ್ಪಲಿ ಮಾತ್ರ ಬೇಗ ತೆಗೆಯಲಿಲ್ಲ.

ನಾನು ಕೊಪ್ಪ ಪೇಟೆಯಲ್ಲಿ ದರ್ಜಿ. ಹೆಸರು ಶ್ರೀನಿವಾಸ. ಏಳನೇ ಕ್ಲಾಸಿಗೆ ಪುಸ್ತಕ ಕಟ್ಟಿಟ್ಟವನು. ಅಕ್ಕ ಅಲ್ಲಿಯೇ ಕಾಲೇಜಿನಲ್ಲಿ ಇತಿಹಾಸದ ಮೇಡಂ. ಮದುವೆಯಾಗಲಿಲ್ಲ, ನಮ್ಮ ಮನೆಯಲ್ಲೇ ಇದ್ದಳು. ಊರಲ್ಲಿ ಮೊಬೈಲ್ ಟವರ್ ಎದ್ದ ಹೊಸತರಲ್ಲಿ ಅವಳು ಒಂದು ಸಂಘದ ಕಾರ್ಯದರ್ಶಿಯಾಗಿದ್ದಳು. ಪುರಾತತ್ವದವರ ಸಂಘ. ಆದರೆ ರಾಜರ ಶಾಸನ, ದೇವಸ್ಥಾನದ ಕಂಬ ಇವುಗಳ ಹಿಂದೆ ಹೋಗುವವರದಲ್ಲ. ಕಳೆದ ನಾನೂರು ಐನೂರು ವರ್ಷಗಳಲ್ಲಿ ಸಾಮಾನ್ಯ ಜನ ಬಳಸಿ ಬಿಸಾಡಿದ ಗಡಿಗೆ, ಪಿಂಗಾಣಿ, ಬಳೆ ಚೂರು ನೋಡಿ ಆ ಜನ ಹೇಗೆ ಬದುಕಿದರು ಎಂದು ತಿಳಿಯುವವರದು. ಸದಸ್ಯರೆಲ್ಲ ಬೇರೆ ಬೇರೆ ಊರಿನ ಲೆಕ್ಚರರುಗಳು, ಇಲಾಖೆಯಿಂದ ನಿವೃತ್ತರಾದವರು. ಸಂಘದ ಆಫೀಸು ನನ್ನ ಅಂಗಡಿಯ ಮೇಲಿನ ಹಲಗೆ ಮಹಡಿಯ ಕೋಣೆ.

ವಿದ್ವಾಂಸರನ್ನು ಒಟ್ಟಿಗೆ ಕೂರಿಸುವುದು ಎಷ್ಟು ಕಷ್ಟ ಎಂದು ನಾನು ಆ ಹಲಗೆಯ ಕೆಳಗೆ ಕೂತು ಕಲಿತೆ. ಒಬ್ಬರ ಪ್ರಬಂಧ ಮೊದಲು ಇಟ್ಟರೆ ಇನ್ನೊಬ್ಬರಿಗೆ ಸಿಟ್ಟು. ಪತ್ರಿಕೆಯಲ್ಲಿ ಹೆಸರಿನ ಮುಂದೆ 'ಡಾ.' ಬಿಟ್ಟುಹೋದರೆ ಒಂದು ವಾರ ಪತ್ರ ವ್ಯವಹಾರ. ಮಾತು ನಿಲ್ಲಿಸದವರಿಗಾಗಿ ಅಕ್ಕ ಮನೆಯ ಅಲಾರಂ ಗಡಿಯಾರ ತಂದು ಮೇಜಿನ ಮೇಲಿಡುತ್ತಿದ್ದಳು. ಅದು ಹೊಡೆದುಕೊಂಡರೆ ಮಾತಾಡುತ್ತಿದ್ದವರು ಎಷ್ಟು ದೊಡ್ಡವರಾದರೂ ಕೂರಬೇಕು. ನೋಟೀಸು ಬರೆಯುವುದು, ಅಂಚೆಚೀಟಿ ಅಂಟಿಸುವುದು, ಯಾರಿಗೆ ಈರುಳ್ಳಿ ಆಗದು, ಯಾರಿಗೆ ಮಂಡಿ ನೋವು, ಎಲ್ಲಾ ಅವಳ ತಲೆಯಲ್ಲಿತ್ತು.

ಒಬ್ಬರು ಹಳೇ ನಾಣ್ಯದ ಪೆಟ್ಟಿಗೆ ಹಿಡಿದು ಸದಸ್ಯರಾಗಲು ಬಂದಿದ್ದರು. ಅಕ್ಕ ಒಂದನ್ನು ಎತ್ತಿ, "ಇದು ಎಲ್ಲಿ ಸಿಕ್ಕಿದ್ದು?" ಎಂದಳು.

"ಸಂತೇಲಿ ತಗೊಂಡಿದ್ದು ಮೇಡಂ."

"ಸಂತೆಗೆ ಎಲ್ಲಿಂದ ಬಂತು?"

"ಅದೆಲ್ಲ ಯಾರು ಕೇಳ್ತಾರೆ?"

"ನಾವು ಕೇಳ್ತೀವಿ. ಅದಕ್ಕೇ ಸಂಘ ಮಾಡ್ಕೊಂಡಿದ್ದು" ಎಂದು ಕಾಫಿ ಕೊಟ್ಟು ಕಳಿಸಿದಳು.

ಸಂಘದವರಿಗೆ ನೆಲ ಅಗೆಯಲು ಅಪ್ಪಣೆ ಇರಲಿಲ್ಲ. ಉತ್ತ ಗದ್ದೆಯಲ್ಲಿ, ದಿಣ್ಣೆಯಲ್ಲಿ ಮೇಲೆದ್ದು ಬಂದದ್ದನ್ನು ಜಾಗದ ಯಜಮಾನರನ್ನು ಕೇಳಿ ಎತ್ತಿಕೊಳ್ಳುತ್ತಿದ್ದರು. ಒಂದೊಂದು ಜಾಗದ ಚೂರಿಗೆ ಒಂದೊಂದು ಬಟ್ಟೆ ಚೀಲ. ಆ ಚೀಲ ಹೊಲಿದುಕೊಡುತ್ತಿದ್ದವನು ನಾನು. ಚೀಲದೊಳಗೆ ಒಂದು ಚೀಟಿ: ಯಾವ ಊರು, ಯಾರ ಜಾಗ, ಯಾವ ಮೂಲೆಯಿಂದ ಎಷ್ಟು ಹೆಜ್ಜೆ, ಎತ್ತಿದವರು ಯಾರು. ಚೂರು ಹೇಗಿದೆ ಎಂಬುದನ್ನು ಆಮೇಲೆ ತೊಳೆದು ನೋಡಿ ಪುಸ್ತಕಕ್ಕೆ ಏರಿಸುವುದು. "ನೆನಪನ್ನ ನಂಬಬಾರದು ಶೀನ, ಚೀಟಿನ ನಂಬಬೇಕು. ಚೀಟಿ ಹೋದ ಚೂರು ಅಂದ್ರೆ ಬರೀ ಕಸ" ಎಂದು ಅಕ್ಕ ಹೇಳುವಳು.

ಈ ಮಾತಿನ ವಿಷಯದಲ್ಲಿ ಅವಳಿಗೆ ಕರುಣೆ ಇರಲಿಲ್ಲ. ನಾಗೇಶ ಮೇಷ್ಟ್ರು ಎಂಬ ಸದಸ್ಯರು, ನಮ್ಮ ಮನೆಯಲ್ಲಿ ಎಷ್ಟೋ ಸಲ ಉಂಡವರು, ಬೇರೆ ಕಡೆ ಸಿಕ್ಕ ಒಂದು ಒಳ್ಳೆಯ ಗಡಿಗೆಯನ್ನು ತಮ್ಮ ಊರಿನದೆಂದು ಚೀಟಿ ಬರೆದರು. ಊರಿಗೊಂದು ಹೆಸರು ಬರಲಿ ಎಂಬ ಆಸೆ, ಅಷ್ಟೇ. "ಒಂದು ಮೈಲಿ ಆಚೆ ಈಚೆ ಆದ್ರೆ ಆಕಾಶ ಬೀಳ್ತದಾ ಮೇಡಂ?" ಎಂದು ಅವರು ಮಹಡಿಯಲ್ಲಿ ಕೇಳಿದ್ದು ನನಗೆ ಕೇಳಿಸಿತು. "ಆ ಒಂದು ಮೈಲಿನೇ ನಮ್ಮ ವಿದ್ಯೆ ಸರ್" ಎಂದಳು ಅಕ್ಕ. ಜಾಗ ತಪ್ಪಾಗಿ ತೋರಿಸಿದವರು ಸಂಘದಲ್ಲಿ ಇರುವಂತಿಲ್ಲ ಎಂಬ ನಿಯಮ ಬರೆದವಳೂ ಅವಳೇ. ಮೇಷ್ಟ್ರ ಹೆಸರು ಹೊಡೆದುಹಾಕಿದಳು. ಆ ದಿನ ಅವಳು ಊಟ ಮಾಡಲಿಲ್ಲ.

ಕೋಣೆಯ ಕೀಲಿ ನನ್ನ ಹತ್ತಿರ ಇರುತ್ತಿತ್ತು. "ಓದದವರ ಕೈಗೆ ಕೀಲಿ ಯಾಕೆ?" ಎಂದು ಯಾರೋ ಸಭೆಯಲ್ಲಿ ಮಾತೆತ್ತಿದಾಗ ಅಕ್ಕ, "ನನ್ನ ತಮ್ಮ ಒಂದು ಇಂಚು ಬಟ್ಟೆ ಹೆಚ್ಚು ಕತ್ತರಿಸಿದವನಲ್ಲ. ನಿಮಗಿಂತ ಜಾಗ್ರತೆ" ಎಂದಿದ್ದಳು. ನನ್ನ ಬಗ್ಗೆ ಇನ್ಯಾರೂ ಹಾಗೆ ಹೇಳಿರಲಿಲ್ಲ. ಆ ಮಾತನ್ನು ಕಳೆದುಕೊಳ್ಳುವ ಭಯವೇ ನನ್ನನ್ನು ಹಾಳು ಮಾಡಿತು.

ವಾರ್ಷಿಕ ಸಭೆ ಶೃಂಗೇರಿಯಲ್ಲಿ ಎಂದು ನಿಶ್ಚಯವಾಗಿ, ಹಾಲ್ ಗೊತ್ತುಮಾಡಲು ಅಕ್ಕ ಹೋಗಿದ್ದಳು. ನಾನು ಮಧ್ಯಾಹ್ನ ಮಹಡಿ ಹತ್ತಿದರೆ ಚೀಲಗಳ ಬುಡಕ್ಕೆ ಗೆದ್ದಲು ಹಿಡಿದಿತ್ತು. ಅಕ್ಕ ಬರುವುದರೊಳಗೆ ಸ್ವಚ್ಛ ಮಾಡಿಡೋಣ ಎಂದು ನೆಲಕ್ಕೆ ದೊಡ್ಡ ಬಟ್ಟೆ ಹಾಸಿದೆ. ಒಂದೊಂದೇ ಚೀಲ ಸುರಿದು ಒಂದೊಂದು ಗುಡ್ಡೆ ಮಾಡಿ, ಮೇಲೆ ಅದರದರ ಚೀಟಿ ಇಟ್ಟು, ಖಾಲಿ ಚೀಲ ಕೊಡವಿದೆ. ಎರಡು ಊರಿನವು ಇದ್ದವು, ಮುತ್ತಿನಕೊಪ್ಪದ ಹತ್ತಿರದ ಒಂದು ದಿಣ್ಣೆಯವು ಮತ್ತು ಭಂಡಿಗಡಿ ಕಡೆಯ ಒಂದು ಬಯಲಿನವು. ಕರೆಂಟು ಹೋಗಿತ್ತು. ಫ್ಯಾನಿನ ಸ್ವಿಚ್ಚು ಹಾಕಿಯೇ ಇದ್ದದ್ದನ್ನು ನಾನು ನೋಡಲಿಲ್ಲ.

ಕರೆಂಟು ಬಂತು. ಚೀಟಿಗಳು ಎದ್ದು ಕೋಣೆಯ ತುಂಬ ಹಾರಿದವು. ಸ್ವಿಚ್ಚಿನ ಕಡೆ ಓಡಿದ ಭರಕ್ಕೆ ಹಾಸಿದ ಬಟ್ಟೆ ಕಾಲಿಗೆ ಸಿಕ್ಕಿ ಜಗ್ಗಿತು. ಗುಡ್ಡೆಗಳೆಲ್ಲ ಒಂದರ ಮೇಲೊಂದು ಉರುಳಿ ಒಂದೇ ರಾಶಿಯಾದವು.

ಆಗಲೇ ಬಾಗಿಲು ಹಾಕಿ ಶೃಂಗೇರಿಗೆ ಫೋನು ಮಾಡಬೇಕಿತ್ತು. ನಾನು ಕೂತು ವಿಂಗಡಿಸಿದೆ. ದರ್ಜಿಗೆ ಇನ್ನೇನು ಗೊತ್ತು? ಬಟ್ಟೆಗೆ ದಾರ ಹೊಂದಿಸಿದ ಹಾಗೆ ಬಣ್ಣಕ್ಕೆ ಬಣ್ಣ ಹೊಂದಿಸಿದೆ. ಮುತ್ತಿನಕೊಪ್ಪದಿಂದ ಬಂದ ದಿನ ಅಕ್ಕ ನೀಲಿ ಹೂವಿನ ಒಂದು ಪಿಂಗಾಣಿ ಚೂರು ನನಗೆ ತೋರಿಸಿದ್ದು ನೆನಪಿತ್ತು. ಹಾಗಾಗಿ ನೀಲಿ ಗೆರೆಯಿದ್ದದ್ದನ್ನೆಲ್ಲ ಮುತ್ತಿನಕೊಪ್ಪದ ಚೀಟಿಗಳ ಜೊತೆ ಹಾಕಿದೆ. ಕೆಂಪು ಮಣ್ಣಿನವನ್ನೆಲ್ಲ ಭಂಡಿಗಡಿಯವಕ್ಕೆ ಹಾಕಿದೆ. ನೋಡಲು ಬಹಳ ಅಚ್ಚುಕಟ್ಟಾಗಿತ್ತು.

ಅಕ್ಕ ಮುಂದಿನ ವಾರ ಚೀಲ ಬಿಚ್ಚಿದಳು. ಮಹಡಿಯ ಮೇಲಿಂದ "ಶೀನಾ!" ಎಂದು ಕೂಗಿದ ಧ್ವನಿಗೆ ನಾನು ಮಿಷನ್ ನಿಲ್ಲಿಸಿದೆ. ಹತ್ತಿ ಹೋದರೆ ಅವಳು ಕಣ್ತುಂಬಿಕೊಂಡು ನಗುತ್ತಿದ್ದಳು. "ನೋಡಾ ಮಾರಾಯ, ಇಷ್ಟೂ ಪಿಂಗಾಣಿ ಒಂದೇ ದಿಣ್ಣೆದು! ಕರಾವಳಿಯಿಂದ ಎತ್ತಿನ ಮೇಲೆ ಹೇರಿಕೊಂಡು ಘಟ್ಟ ಹತ್ತಿದವರು ಇಲ್ಲಿ ಬೀಡು ಬಿಟ್ಟಿದ್ದಾರೆ. ಅಲ್ಲದಿದ್ರೆ ಇಷ್ಟು ಹೇಗೆ ಬಂತು?" ಮತ್ತೆ ಒಂದು ಚೂರನ್ನು ತಿರುಗಿಸಿ ನೋಡಿ, "ಎತ್ತುವಾಗ ಇಷ್ಟೊಂದು ಕಂಡ ಹಾಗಿಲ್ಲ. ನಾಲ್ಕು ಜನ ನಾಲ್ಕು ದಿಕ್ಕಿಗೆ ಎತ್ತಿದ್ದಲ್ಲ, ಇರಬಹುದು. ಚೀಟಿಯಲ್ಲಿ ಇದೆಯಲ್ಲ" ಎಂದಳು. ನಾನು ಬಾಯಿ ತೆಗೆಯಬಹುದಿತ್ತು. "ಚಂದ ಇದೆ ಅಕ್ಕ" ಎಂದೆ.

ಶೃಂಗೇರಿಯ ಸಭೆಯಲ್ಲಿ ಅವಳು ಅದನ್ನೇ ಓದಿದಳು. ಅಲಾರಂ ಹೊಡೆದರೂ ಯಾರೂ ಅವಳನ್ನು ಕೂರಲು ಬಿಡಲಿಲ್ಲವಂತೆ. ಸಂಘದ ಅಧ್ಯಕ್ಷರು, ಶಿವಮೊಗ್ಗದ ಗೋಪಾಲಯ್ಯನವರೆಂಬ ನಿವೃತ್ತ ಪ್ರೊಫೆಸರು, ಎಲ್ಲರೂ ಹೋಗಿ ಆ ದಿಣ್ಣೆ ನೋಡೋಣ ಎಂದರು. ಉಳುಮೆ ಆದ ಮೇಲೆ ಹತ್ತು ಜನ ಮೂರು ದಿನ ನಡೆದರು. ದಿಣ್ಣೆಯಲ್ಲಿ ಬರೀ ಕೆಂಪು ಗಡಿಗೆಯ ಚೂರು. ಹೋಲಿಕೆಗೆಂದು ಭಂಡಿಗಡಿಯ ಬಯಲಿಗೂ ಹೋದರು. ಅಲ್ಲಿ ಹೆಜ್ಜೆಗೊಂದು ನೀಲಿ ಚೂರು ಸಿಕ್ಕಿತು. ಆ ದಿನ ಅಕ್ಕ ಮನೆಗೆ ಬಂದು ಚಪ್ಪಲಿ ಬಿಚ್ಚದೆ ಜಗಲಿಯ ಮೇಲೆ ಕೂತಿದ್ದಳು.

ವಿಶೇಷ ಸಭೆ ಮಹಡಿಯ ಮೇಲೆಯೇ ಸೇರಿತು. ಎಲ್ಲರೂ ಹತ್ತಿ ಹೋದ ಮೇಲೆ ಅಕ್ಕ ಅಂಗಡಿಗೆ ಬಂದು ನನ್ನ ಮಿಷನ್ನಿನ ಮೇಲೆ ಕೈಯಿಟ್ಟಳು.

"ಶೀನ, ಒಂದೇ ಮಾತು. ಚೀಲಕ್ಕೆ ಯಾರಾದ್ರೂ ಕೈ ಹಾಕಿದ್ರಾ?"

"ಇಲ್ಲ ಅಕ್ಕ."

"ನೀನು? ಗುಡಿಸಲಿಕ್ಕೋ, ಎಂತಕ್ಕೋ? ಆಗಿದ್ರೆ ಹೇಳು, ನಾನು ಬೈಯೋದಿಲ್ಲ."

"ಇಲ್ಲ. ನಾನ್ಯಾಕೆ ಮುಟ್ಲಿ ಅದನ್ನ?"

ಅವಳು ನನ್ನ ಮುಖ ನೋಡಿದಳು. ಸಂಶಯದಿಂದ ಅಲ್ಲ. "ಸರಿ ಹಾಗಾದ್ರೆ" ಎಂದು ಮೆಟ್ಟಿಲು ಹತ್ತಿದಳು.

ಹಲಗೆಯ ಸಂದಿನಿಂದ ಎಲ್ಲಾ ಕೇಳುತ್ತಿತ್ತು. ಯಾರೋ, "ನಾಗೇಶ ಮೇಷ್ಟ್ರಿಗೊಂದು ನ್ಯಾಯ, ಮೇಡಂಗೊಂದು ನ್ಯಾಯವಾ?" ಎಂದರು. ಗೋಪಾಲಯ್ಯನವರು, "ಗೆದ್ದಲೋ ಇಲಿಯೋ, ಏನೋ ಹೆಚ್ಚು ಕಡಿಮೆ ಆಗಿರಬಹುದು ಅಂತ ಬರ್ಕೊಂಡು ಬಿಡೋಣ ಮೇಡಂ" ಎಂದರು. ಅಕ್ಕ ಹೇಳಿದಳು: "ಆಗಿರಬಹುದು ಅಂತ ನಡಾವಳಿಯಲ್ಲಿ ಬರೆಯೋದು ಹೇಗೆ ಸರ್? ಕೀಲಿ ನನ್ನ ತಮ್ಮನ ಹತ್ರ ಇರ್ತದೆ. ಅವನು ಮುಟ್ಟಿಲ್ಲ. ಅಂದ್ಮೇಲೆ ಚೀಟಿ ತಪ್ಪಿದ್ದು ನನ್ನ ಕೈಯಲ್ಲೇ. ನಿಯಮ ನನಗೂ ಒಂದೇ."

"ಪುಸ್ತಕ ಇತ್ಲಾಗೆ ಕೊಡಿ, ನಾನು ಬರೀತೀನಿ" ಎಂದರು ಅವರು.

"ಬೇಡ ಸರ್. ಸಭೆ ಮುಗಿಯೋ ತನಕ ಕಾರ್ಯದರ್ಶಿ ನಾನೇ."

ಅಷ್ಟರಲ್ಲಿ ಯಾರೋ ಗಿರಾಕಿ ಬಂದು ಕೊರಳಿನ ಅಳತೆ ಸಡಿಲ ಮಾಡಲು ಹೇಳಿದರು. ನಾನು ಟೇಪು ಹಿಡಿದೆ; ಸಭೆಯ ಮುಂದಿನ ಮಾತು ಕಿವಿಗೆ ಬೀಳಲಿಲ್ಲ. ಮೇಲೆ ಹೋಗಲಿಲ್ಲ.

ಅಕ್ಕ ಸಂಘ ಬಿಟ್ಟ ಮೇಲೆ ಕಾರ್ಯದರ್ಶಿಯ ಕೆಲಸಕ್ಕೆ ಯಾರೂ ಮುಂದೆ ಬರಲಿಲ್ಲ. ಎರಡು ಸಲ ಸಭೆ ಕರೆದರೂ ಬೇಕಾದಷ್ಟು ಜನ ಸೇರಲಿಲ್ಲ. ಸಂಘ ಮುಚ್ಚಿತು. ಪುಸ್ತಕಗಳು ಅಧ್ಯಕ್ಷರ ಮನೆಗೆ ಹೋದವು. ಅಕ್ಕ ನರಸಿಂಹರಾಜಪುರಕ್ಕೆ ವರ್ಗ ಕೇಳಿ ತೆಗೆದುಕೊಂಡು ಅಲ್ಲೇ ಒಂದು ಬಾಡಿಗೆ ಮನೆ ಹಿಡಿದಳು. ಕೋಣೆ ಖಾಲಿಯಾದರೂ ನಾನು ಮಿಷನ್ ನಿಲ್ಲಿಸಿದಾಗಲೆಲ್ಲ ಮೇಲೆ ಹಲಗೆ ಕಿರುಗುಡುತ್ತದೆ. ಯಾರೋ ಬಾಗಿಲಿಂದ ಕಿಟಕಿಗೆ, ಕಿಟಕಿಯಿಂದ ಬಾಗಿಲಿಗೆ ಹೆಜ್ಜೆ ಎಣಿಸಿದ ಹಾಗೆ. ಹೆಂಡತಿ ಇಲಿ ಎನ್ನುತ್ತಾಳೆ. ನಾನು ಮಧ್ಯೆ ಮಧ್ಯೆ ನಿಲ್ಲಿಸದೆ ತುಳಿಯುವುದನ್ನು ಅಭ್ಯಾಸ ಮಾಡಿಕೊಂಡಿದ್ದೇನೆ.

ಕೊನೆಯ ಸಲ ಅವಳನ್ನು ನೋಡಿದ್ದು ನರಸಿಂಹರಾಜಪುರದಲ್ಲಿ. ಚೀಲದ ವಿಷಯ ಹೇಳಿಯೇ ಬರುತ್ತೇನೆ ಎಂದು ಹೋಗಿದ್ದೆ. ಅವಲಕ್ಕಿ ಕಲಸಿ ಕೊಟ್ಟಳು. ಸ್ಟ್ಯಾಂಡಿನ ತನಕ ಜೊತೆಗೆ ನಡೆದಳು. ದಾರಿಯ ಉದ್ದಕ್ಕೂ ತಲೆ ಎತ್ತಿ, ಎದುರಿಗೆ ಮಾತ್ರ ನೋಡುತ್ತ ನಡೆದಳು. ನೆಲ ನೋಡದೆ ನಡೆಯುವ ಅಕ್ಕನನ್ನು ನಾನು ಅದುವರೆಗೆ ಕಂಡಿರಲಿಲ್ಲ.

"ಅಕ್ಕ, ಒಂದು ವಿಷಯ" ಎಂದೆ.

"ಎಂತ ಹೇಳು. ದುಡ್ಡೇನಾದ್ರೂ ಬೇಕಿತ್ತಾ?"

"ಅಲ್ಲ. ಮೈ ಹುಷಾರು."

"ಇಷ್ಟು ಹೇಳ್ಲಿಕ್ಕೆ ಮುಖ ಯಾಕೆ ಹಾಗೆ ಮಾಡ್ತೀಯ? ಹತ್ತು ಹತ್ತು, ಕೊಪ್ಪದ ಬಸ್ಸು ಬಂತು."

ಮೂರು ತಿಂಗಳಿಗೆ ಕಾಲೇಜಿನಿಂದ ಫೋನು ಬಂತು. ಪಾಠ ಮುಗಿಸಿ ಸ್ಟಾಫ್ ರೂಮಿನಲ್ಲಿ ಕೂತವಳು ಏಳಲಿಲ್ಲವಂತೆ.

ವರ್ಷದ ಕಾರ್ಯ ಕಳೆದ ಮೇಲೆ ನಾನು ಶಿವಮೊಗ್ಗಕ್ಕೆ ಹೋಗಿ ಗೋಪಾಲಯ್ಯನವರ ಎದುರು ಕೂತು ಎಲ್ಲವನ್ನೂ ಹೇಳಿದೆ. ಕರೆಂಟು, ಫ್ಯಾನು, ನೀಲಿಗೆ ನೀಲಿ ಹೊಂದಿಸಿದ್ದು, ಕೇಳಿದಾಗ ಇಲ್ಲ ಎಂದದ್ದು. ಅವರು ಕನ್ನಡಕ ತೆಗೆದು ಬಹಳ ಹೊತ್ತು ಒರೆಸಿದರು.

"ಅಕ್ಕನ ಹೆಸರು ಸರಿ ಮಾಡಿ ಸರ್. ಪುಸ್ತಕದಲ್ಲಿ ತಿದ್ದಿ" ಎಂದೆ.

"ನಡಾವಳಿ ತಿದ್ದಬೇಕಾದ್ರೆ ಮುಂದಿನ ಸಭೆಯಲ್ಲಿ ಓದಿ ಒಪ್ಪಿಗೆ ತಗೋಬೇಕು ಶ್ರೀನಿವಾಸ. ಮುಂದಿನ ಸಭೆ ಅಂತ ಇಲ್ವಲ್ಲ. ಯಾರ ಮುಂದೆ ಓದ್ಲಿ ಮಾರಾಯ?"

"ನಾನೇ ಕೆಳಗೆ ಎರಡು ಸಾಲು ಬರೀಲಾ?"

"ನೀವು ಸದಸ್ಯರಲ್ಲ."

ಕಪಾಟಿನಿಂದ ಪುಸ್ತಕ ತೆಗೆದು ಆ ಪುಟ ತೋರಿಸಿದರು. ಅಕ್ಕನ ದುಂಡು ಅಕ್ಷರ. ತನ್ನ ಹೆಸರನ್ನು ತಾನೇ ತೆಗೆದುಹಾಕಿದ ನಿರ್ಣಯದ ಕೆಳಗೆ ಅವಳು ಇನ್ನೂ ಒಂದು ನಿರ್ಣಯ ಬರೆದಿದ್ದಳು. ಅದು ನನಗೆ ಗೊತ್ತಿರಲಿಲ್ಲ. 'ಕೊಠಡಿಯ ಕೀಲಿ ಇಟ್ಟುಕೊಂಡಿದ್ದ ಶ್ರೀ ಶ್ರೀನಿವಾಸ, ದರ್ಜಿ, ಇವರು ಪೂರ್ಣ ನಂಬಿಕೆಗೆ ಅರ್ಹರೆಂದೂ ಇವರ ಮೇಲೆ ಯಾವ ಸಂಶಯವೂ ಇಲ್ಲವೆಂದೂ ಸಭೆಯು ಒಮ್ಮತದಿಂದ ದಾಖಲಿಸುತ್ತದೆ.' ಅದರ ಕೆಳಗೆ ಅವಳ ಸಹಿ. ಆಮೇಲಿನ ಪುಟಗಳೆಲ್ಲ ಖಾಲಿ.

"ಇದನ್ನಾದ್ರೂ ಹೊಡೆದುಹಾಕಿ ಸರ್" ಎಂದೆ.

"ಅದೂ ಆಗೋದಿಲ್ಲ" ಎಂದು ಅವರು ಮೆಲ್ಲಗೆ ಪುಸ್ತಕ ಮುಚ್ಚಿದರು.