ಎರಡು ದಿನಕ್ಕೆಂದು ಬಂದ ಕೂಸು

ನಸುಕು ಹರಿಯುವ ಹೊತ್ತು. ದೋರನಹಳ್ಳಿಯ ಜಗದೇವಪ್ಪನ ಮನೆಯ ಒಳಕೋಣೆಯಲ್ಲಿ ಸೂಲಗಿತ್ತಿ ಸುಗಲಮ್ಮ ಮೊಣಕಾಲೂರಿ ಕೂತಿದ್ದಾಳೆ. ‘ಇನ್ನೊಮ್ಮೆ ಬಲಾ ಹಾಕು ನನ್ನವ್ವಾ, ತಲಿ ಬಂದದ.’ ಕೂಸು ಅಳುತ್ತದೆ, ಹೊರಗೆ ಕೂತವರು ನಗುತ್ತಾರೆ. ತೊಳೆದು ತಾಯಿಯ ಮಗ್ಗುಲಿಗೆ ಮಲಗಿಸಿದವಳೇ ಸುಗಲಮ್ಮ ಎದ್ದುಬಿಡುತ್ತಾಳೆ. ಚಹಾ ಕುಡಿದು ಹೋಗೆಂದರೂ ನಿಲ್ಲುವುದಿಲ್ಲ.

‘ಕೂಸು ಬಾಳೊತ್ತು ಕೈಯಾಗ ಇಟ್ಕೊಳ್ಳಂಗಿಲ್ರಿ. ಜೀವಕ್ಕ ಹತ್ಕೊಂಡ್ಬಿಡ್ತದ,’ ಎನ್ನುತ್ತ ದಾಪುಗಾಲು ಹಾಕುತ್ತಾಳೆ.

ಈ ಕೆಲಸ ಅವಳು ಕಲಿತದ್ದು ಯಾದಗಿರಿಯ ಕಡೆಯ ಒಂದು ಮಿಷನ್ ದವಾಖಾನೆಯಲ್ಲಿ. ಹನ್ನೆರಡು ವರ್ಷ, ಒಂಬತ್ತು ಹಳ್ಳಿ, ಆರುನೂರರ ಮೇಲೆ ಹೆರಿಗೆ. ಒಂದೊಂದು ದಿನ ಹತ್ತು ಮೈಲಿ ನಡಿಗೆ. ಅವಳ ಮಡಿಲು ಮಾತ್ರ ತುಂಬಲಿಲ್ಲ. ಗಂಡ ಭಾಗಣ್ಣ ಮಿಷನ್ ಶಾಲೆಯ ಜವಾನ. ಇಬ್ಬರೂ ದಿನಾ ಬೇಡಿಕೊಂಡದ್ದು ಒಂದೇ ವರ.

ಏಳು ವರ್ಷದ ಹಿಂದೆ, ಹೈದರಾಬಾದು ಹಿಂದುಸ್ಥಾನಕ್ಕೆ ಸೇರಿದ ಗದ್ದಲದ ವಾರ, ಹಜರಾಬೀ ಎಂಬ ಬಾಣಂತಿ ಓಡಿಬಂದು ಒಂಬತ್ತು ದಿನದ ಹೆಣ್ಣುಕೂಸನ್ನು ಅವಳ ಮಡಿಲಿಗೆ ಹಾಕಿದಳು. ‘ಎರಡು ದಿನ ನೋಡ್ಕೋ ಅಕ್ಕಾ,’ ಎಂದವಳು ಜ್ವರದ ಮೈಯಲ್ಲೇ, ಜೀವ ಉಳಿಸಿಕೊಳ್ಳಲು ಗಂಡನೊಂದಿಗೆ ಊರು ಬಿಟ್ಟಳು. ಎರಡು ದಿನ ನಾಲ್ಕು ವರ್ಷವಾಯಿತು. ದಂಪತಿ ಮಗುವನ್ನು ಕರುಣಮ್ಮ ಎಂದು ಕರೆದರು, ಮೇಕೆ ಹಾಲು ಕುಡಿಸಿ ಬೆಳೆಸಿದರು. ಅದು ಸುಗಲಮ್ಮನನ್ನು ‘ಯವ್ವಾ’ ಎನ್ನುತ್ತಿತ್ತು.

ಒಂದು ಮಧ್ಯಾಹ್ನ ಹಜರಾಬೀ ಬಾಗಿಲಲ್ಲಿ ನಿಂತಳು. ಗಂಡನನ್ನು ಕಳೆದುಕೊಂಡು ಸುರಪುರದ ಅಣ್ಣನ ಮನೆ ಸೇರಿದ್ದಳು. ‘ನನ್ನ ಕೂಸು ಅದ ಏನಕ್ಕಾ?’ ಸುಗಲಮ್ಮ ಬಾಯಿ ತೆರೆಯುವ ಮೊದಲೇ ಭಾಗಣ್ಣ ಹೇಳಿಬಿಟ್ಟ: ‘ಜ್ವರದಾಗ ಹೋತವ್ವಾ.’ ಸುಗಲಮ್ಮ ಒಳಕೋಣೆಯ ಬಾಗಿಲು ಮುಂದೆಳೆದಳು. ಒಳಗೆ ಕರುಣಮ್ಮ ಮಲಗಿತ್ತು. ಹಜರಾಬೀ ಗೋಡೆ ಹಿಡಿದುಕೊಂಡು ಹೊರಟುಹೋದಳು.

‘ಎರಡು ದಿನ ಕೂಳು ಇಳೀಲಿಲ್ರಿ,’ ಎನ್ನುತ್ತಾಳೆ ಸುಗಲಮ್ಮ. ‘ಪ್ರಾರ್ಥನಿಗಿ ಕುಂತ್ರ, ಸ್ವಾಮಿ, ನಿನ್ನ ಮನಸ್ಸಿನಂಗ ಆಗ್ಲಿ ಅನ್ನಬೇಕು. ನನ್ನ ಮನಸ್ಸಿನಂಗೇ ನಿನ್ನ ಮನಸ್ಸೂ ಆಗ್ಲಿ ಅನ್ನಾಕತ್ತಿದ್ನಿ.’

ಮೂರನೆಯ ದಿನ ಗಂಡನಿಗೆ ಹೇಳದೆ ಮಗುವನ್ನು ಕಂಕುಳಲ್ಲಿ ಎತ್ತಿಕೊಂಡು ಸುರಪುರದ ಬಸ್ಸು ಹತ್ತಿದಳು. ‘ಸತ್ತಿಲ್ಲ ಹಜರಾಬೀ. ಸುಳ್ಳು ಹೇಳೀವಿ. ತಗೋ.’ ಹಜರಾಬೀ ಅವಳ ಕೆನ್ನೆಗೆ ಒಂದು ಬಾರಿಸಿದಳು. ಆಮೇಲೆ ಮಗುವಿನ ಪಾದ ಹಿಡಿದು ಕೂತುಬಿಟ್ಟಳು. ಮಗು ಸುಗಲಮ್ಮನ ಸೆರಗು ಬಿಡಲಿಲ್ಲ. ಬೆರಳು ಒಂದೊಂದಾಗಿ ಬಿಡಿಸಿದವಳು ಸುಗಲಮ್ಮನೇ.

ಭಾಗಣ್ಣ ಆರು ತಿಂಗಳು ಮಾತಾಡಲಿಲ್ಲ. ಮಗುವಿಗೀಗ ಏಳು ವರ್ಷ, ಹೆಸರು ಮದೀನಾಬೀ. ಸುಗಲಮ್ಮನನ್ನು ‘ದಾಯಿ’, ಅಂದರೆ ಸೂಲಗಿತ್ತಿ, ಎನ್ನುತ್ತಾಳೆ. ವರ್ಷಕ್ಕೆ ಎರಡು ಸಲ ನೋಡಲು ಹೋಗುವ ಸುಗಲಮ್ಮ ಹೋದ ಬಸ್ಸಿಗೇ ಮರಳುತ್ತಾಳೆ. ಉಳಿದ ದಿನ ಸುರಪುರದ ಬಸ್ಸು ಬಂದರೆ ಕೈಯಲ್ಲಿನ ಕೆಲಸ ನಿಲ್ಲುತ್ತದೆ.

ಸಮಾಧಾನವಾಯಿತೇ ಎಂದರೆ ತಲೆ ಅಲ್ಲಾಡಿಸುತ್ತಾಳೆ. ‘ಎಲ್ಲೀದ್ರಿ? ಮುಂಜಾನಿ ಪ್ರಾರ್ಥನ್ಯಾಗ ಕೂಸಿನ ಆಸಿ ಆ ಸ್ವಾಮಿಗಿ ಕೊಡ್ತೀನಿ, ಸಂಜೀಕ ಕಸ್ಕೋತೀನಿ. ಮತ್ತ ಮರುದಿನ ಕೊಡ್ತೀನಿ.’

ಬಳಿಚಕ್ರ ಹಳ್ಳಿಯಿಂದ ಹೆರಿಗೆಗೆ ಕರೆ ಬಂದಿದೆ. ಚೀಲ ಹೆಗಲಿಗೇರಿಸಿದವಳು ಹೊಸ್ತಿಲಲ್ಲಿ ತಡೆದು ನಿಲ್ಲುತ್ತಾಳೆ. ‘ಮುಂದ ಮದೀನಾಬೀ ದೊಡ್ಡಾಕ್ಯಾಗಿ ಹಡಿಯೋ ಹೊತ್ತಿಗಿ ನನಗ ಕರೀಬೇಕ್ರಿ. ಉಳಿದದ್ದೆಲ್ಲಾ ಆತಗ ಒಪ್ಪಿಸೀನಿ. ಇದೊಂದು ಆಸಿ ಮಾತ್ರ ಇನ್ನಾ ಕೊಟ್ಟಿಲ್ಲ.’