ಮುದ್ದೆಗಿಂತ ಮೊದಲು ಬಂದ ಮಜ್ಜಿಗೆ

ಬೀಗರ ಊಟದಲ್ಲಿ ಮುದ್ದೆಗಿಂತ ಮೊದಲು ಮಜ್ಜಿಗೆ ಬಂದರೆ ಏನಾಗುತ್ತದೆ? ಹೋದ ಭಾನುವಾರ ಬೈರಾಪಟ್ಟಣದಲ್ಲಿ ಕಣ್ಣಾರೆ ಕಂಡೆ.

ನನ್ನಣ್ಣನ ಮಗಳು ಸುಮಾಳ ಮದುವೆ ಮುಗಿದು, ಗಂಡಿನ ಕಡೆಯವರಿಗೆ ಬೀಗರ ಊಟ. ಬೀಗರು ಮಾಗಡಿ ಕಡೆಯ ತಿಪ್ಪಸಂದ್ರದವರು. ಉಪಚಾರದಲ್ಲಿ ಸ್ವಲ್ಪ ಎಡವಟ್ಟಾದರೂ ವರ್ಷಗಟ್ಟಲೆ ಆಡಿಕೊಳ್ಳುತ್ತಾರೆ ಎಂದು ಅಣ್ಣ ಮೊದಲೇ ಹೆದರಿದ್ದ. ಅದನ್ನೆಲ್ಲ ಕೇಳಿಸಿಕೊಂಡು ಬಾಳಬೇಕಾದವಳು ಸುಮಾ ತಾನೇ?

ಇಂಥ ಹೊತ್ತಲ್ಲಿ ನಮ್ಮ ಯಜಮಾನರು ಸಹಾಯಕ್ಕೆ ಧಾವಿಸಿದರು. (ಬೇಡವೆಂದರೂ ಧಾವಿಸುವವರು.) ರಿಟೈರ್ ಆದಮೇಲೆ ಅವರಿಗೆ ಸ್ಪ್ರೆಡ್‌ಶೀಟ್ ಹುಚ್ಚು. ಒಂದೊಂದು ಪಂಕ್ತಿಗೆ ಒಂದೊಂದು ಅಡ್ಡಸಾಲು ಮಾಡಿ, ಬಡಿಸುವ ಕ್ರಮದಲ್ಲೇ ಐಟಂ ತುಂಬಿಸಿದರು: ಮುದ್ದೆ, ಬೋಟಿ, ಸಾರು, ಚಾಪ್ಸ್, ಅನ್ನ, ಮಜ್ಜಿಗೆ. ಅಲ್ಲಿಗೇ ಬಿಟ್ಟಿದ್ದರೆ ದೇವರಂಥ ಮನುಷ್ಯ.

"ಎಲ್ಲರೂ ಮೇಲಿಂದ ಕೆಳಕ್ಕೆ ಸಾರ್ಟ್ ಮಾಡ್ತಾರೆ. ನಾನು ಸಾಲಿನೊಳಗೇ ಅಡ್ಡಡ್ಡ ಮಾಡೋದು ಕಲ್ತಿದ್ದೀನಿ, ನೋಡೇ" ಎಂದು ಬಟನ್ ಒತ್ತಿದರು. ಐಟಂಗಳೆಲ್ಲ ಅಕಾರಾದಿಯಾಗಿ ನಿಂತವು. ನೀಟಾಗಿದೆ ಎಂದು ಹಾಗೇ ಬಡಿಸುವವರಿಗೆ ವಾಟ್ಸಾಪ್ ಮಾಡಿಬಿಟ್ಟರು.

ಊರವರೇ ಬಡಿಸಿದ್ದರೆ ಆ ಶೀಟನ್ನು ಯಾರೂ ನೋಡುತ್ತಿರಲಿಲ್ಲ. ಬಂದಿದ್ದು ಹೊರಗಿನ ಯೂನಿಫಾರಂ ತಂಡ, ಶೀಟಿನಲ್ಲಿದ್ದ ಹಾಗೇ ಬಡಿಸಿದರು. ಎಲೆಗೆ ಮೊದಲು ಅನ್ನ ಬಿತ್ತು. ಆಮೇಲೆ ಚಾಪ್ಸ್, ಬೋಟಿ. ಸಾರು ಬರುತ್ತದೆ ಎಂದು ಬೀಗರು ಅನ್ನದಲ್ಲಿ ಗುಳಿ ಮಾಡಿಕೊಂಡು ಕಾದರೆ, ಅದರೊಳಗೆ ಮಜ್ಜಿಗೆ!

ನಮ್ಮ ಕಡೆ ಮಜ್ಜಿಗೆ ಬಂತೆಂದರೆ ಊಟ ಮುಗಿಯಿತು, ಏಳಿ ಎಂದರ್ಥ. ಗಂಡಿನ ಅಜ್ಜಿ ಕೆಂಪಮ್ಮ ಎಲೆ ಮಡಚಲು ಕೈಹಾಕಿ, "ಏನಪ್ಪಾ, ಮುದ್ದೆ ಇಕ್ದಂಗೆ ಎದ್ದೋಗಿ ಅಂತೀರಾ?" ಎಂದರು. ಅಣ್ಣನ ಮುಖ ಬಿಳಚಿಕೊಂಡಿತು. ನನಗೋ ಯಜಮಾನರ ಮೇಲೆ ಕೆಂಡದಂಥ ಕೋಪ.

ಆಗ ಗಂಡನ ಪಕ್ಕ ಕೂತಿದ್ದ ಸುಮಾ ಎದ್ದಳು. ಮುದ್ದೆ ಪಾತ್ರೆ ತಾನೇ ತಂದು, ಅಜ್ಜಿಗೆ ಹೊಸ ಎಲೆ ಹಾಕಿ, ಬಿಸಿ ಮುದ್ದೆ ಇಟ್ಟಳು. "ಅಜ್ಜಿ, ಅದು ನಮ್ ಮಾವ ಕಂಪ್ಯೂಟರಲ್ಲಿ ಮಾಡಿದ್ ಎಡವಟ್ಟು. ಊಟ ಈಗ ಸುರು ಆಯ್ತೈತೆ, ಕೂತ್ಕಳಿ."

ಕೆಂಪಮ್ಮ ಮುದ್ದೆ ನೋಡಿದರು, ಸುಮಾಳನ್ನು ನೋಡಿದರು. "ಹಂಗಾರೆ ಇನ್ನೊಂದು ಇಕ್ಕವ್ವ. ಆ ಕಂಪ್ಯೂಟರ್ ಮಾವನ್ನೂ ಕರಿ, ಒಸಿ ಮಖ ನೋಡಾನ!"

ಪಂಕ್ತಿಗೆ ಪಂಕ್ತಿಯೇ ನಕ್ಕಿತು. ನನಗೆ ಹೋದ ಜೀವ ಬಂತು.

ವಾಪಸ್ ಬರುವಾಗ ಕಾರಿನಲ್ಲಿ ಯಜಮಾನರು, "ಅಷ್ಟಕ್ಕೆಲ್ಲ ಯಾಕೆ ಗಾಬರಿ? ಅನ್‌ಡೂ ಬಟನ್ ಇತ್ತಲ್ಲ" ಎಂದರು.

ಇತ್ತು ಸ್ವಾಮಿ, ಆದರೆ ಸುಮಾ ಎದ್ದು ಬರದಿದ್ದರೆ ಅದನ್ನು ಒತ್ತುತ್ತಿದ್ದವರು ಯಾರು?